ಹುಳದ ಸಾವಿಗೆ ಕಾದವಳು

ಹುಳಗಳ ರೋಗದ ಬೆನ್ನು ಹತ್ತಿದವರಿಗೆ ನಗೆಪಾಟಲಾಗಲು ಬೇರೆ ಕಾರಣ ಬೇಕಿಲ್ಲ. ಮನೆಯಿಂದ ಹೊರಬಿದ್ದರೆ ಸಾಕು.

ನನ್ನ ಪಿಎಚ್‌ಡಿ ವಿಷಯ, ಕಾಯಿಕೊರಕ ಹುಳವನ್ನು ಕೊಲ್ಲುವ ಒಂದು ವೈರಸ್. ಅದು ಹುಳದ ಮೈಯೊಳಗೆ ಹೊಕ್ಕು ತನ್ನ ಡಿಎನ್‌ಎಯನ್ನು ನಕಲು ಮಾಡಿ ಮಾಡಿ ಒಂದಕ್ಕೆ ಕೋಟಿಯಾಗುತ್ತದೆ. ಆ ನಕಲು ಕೆಲಸ ಮಾಡಿಸುವ ಜೀನ್‌ಗಳನ್ನು ನಮ್ಮ ಬಳ್ಳಾರಿ ಸೀಮೆಯ ವೈರಸ್‌ನಲ್ಲೇ ಹಿಡಿದು ತೋರಿಸಬೇಕೆಂಬುದು ನನ್ನ ಹಟ. ಅದಕ್ಕೆ ಬೇಕಾದದ್ದು ರೋಗ ಬಂದು ಸತ್ತ ಹುಳ. "ಈ ಹಂಗಾಮಿನಲ್ಲಿ ಸಿಗದಿದ್ದರೆ ವಿಷಯ ಬದಲಿಸು" ಎಂದು ಗೈಡ್ ಸರ್ ಖಡಾಖಂಡಿತ ಹೇಳಿದ್ದರು. ಬದಲಿಸುವುದು ನನ್ನ ಜಾಯಮಾನವಲ್ಲ.

ಸಿರುಗುಪ್ಪದ ಮರ್ಯಾದೆ

ಸಿರುಗುಪ್ಪದ ಕಡಲೆ ಬೆಳೆಗಾರರೊಬ್ಬರಿಗೆ ಫೋನ್ ಮಾಡಿ ಸತ್ತ ಹುಳ ತೆಗೆದಿಡಲು ಕೇಳಿಕೊಂಡಿದ್ದೆ. ಹೋದರೆ ಡಬ್ಬಿಯಲ್ಲಿ ದಷ್ಟಪುಷ್ಟ ಹುಳಗಳು ಓಡಾಡಿಕೊಂಡಿದ್ದವು.

"ಸತ್ತವು ಎಲ್ಲದಾವ್ರಿ?"

"ಛೇ ಛೇ, ಬಳ್ಳಾರಿಯಿಂದ ಬಿಸಿಲಾಗ ಬಂದೀರಿ, ನಿಮಗ ಸತ್ತವು ಕೊಡಾಕ ಬರತೈತೇನ್ರಿ? ದಪ್ಪದಪ್ಪವು ನೋಡಿ ಆರಿಸೀನಿ."

ನನಗೆ ಸತ್ತವೇ ಬೇಕೆಂದು ಅಂಗಲಾಚಿ ಬಂದೆ. ಮುಂದಿನ ವಾರ ಅವರದೇ ಫೋನ್: "ಲಗೂನ ಬರ್ರಿ ಮೇಡಂ, ಹೊಲದ ತುಂಬ ಸತ್ತು ಬಿದ್ದಾವ!" ಸಿಕ್ಕ ಬಸ್ಸು ಹತ್ತಿ ಓಡಿದೆ. ಬದುವಿನ ಮೇಲೆ ಕಾಲಿಟ್ಟೊಡನೆ ಮೂಗಿಗೆ ಕೀಟನಾಶಕದ ಘಾಟು ಬಡಿಯಿತು.

"ನೀವು ಅಷ್ಟು ಕೇಳ್ಕೊಂಡ್ರಲ್ಲ ಅಂತ ನಿನ್ನೆ ಎಣ್ಣಿ ಹೊಡಿಸೀನ್ರಿ" ಎಂದರು, ಉಪಕಾರ ಮಾಡಿದ ಮುಖದಲ್ಲಿ.

ಬಸ್ಸಿನಲ್ಲಿ ಜಾಗ

ಪಕ್ಕದ ಹೊಲದಲ್ಲಿ ಕಪ್ಪಾಗಿ ಕೊಳೆತ ಕೆಲವು ಹುಳ ಸಿಕ್ಕವು. ರೋಗದಿಂದಲೇ ಸತ್ತವೋ ಎಂಬ ಅನುಮಾನವಿದ್ದರೂ ಬಿಡಲಿಲ್ಲ. ವಾಪಸಾಗುವಾಗ ಬಸ್ಸು ಕಿಕ್ಕಿರಿದಿತ್ತು, ಡಬ್ಬಿ ನಾರತೊಡಗಿತು. ಪಕ್ಕದಾಕೆ, "ಏನೈತ್ರಿ ಅದರಾಗ?" ಎಂದು ಕೇಳಿದರು. ನಾನು ಸತ್ಯವಂತೆ, "ವೈರಸ್ ರೀ" ಎಂದೆ. ಮನುಷ್ಯರಿಗೆ ಇದು ಏನೂ ಮಾಡುವುದಿಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಕೇಳಲು ಹತ್ತಿರ ಯಾರೂ ಉಳಿದಿರಲಿಲ್ಲ.

ಬಳ್ಳಾರಿಯವರೆಗೆ ಕಾಲು ಚಾಚಿಕೊಂಡು ಬಂದೆ.

ನೀರಿಗೂ ರೋಗ

ನಮ್ಮ ಪರೀಕ್ಷೆಯಲ್ಲಿ ಜೀನ್ ಸಿಕ್ಕರೆ ಜೆಲ್ ಎಂಬ ತೆಳು ಪದರದ ಮೇಲೆ ಹೊಳೆಯುವ ಗೆರೆಯೊಂದು ಮೂಡುತ್ತದೆ. ಒಂದರೊಳಗೊಂದು ಬೆರೆತಿಲ್ಲ ತಾನೇ ಎಂದು ನೋಡಲು ಒಂದು ಸಾಲಿಗೆ ಬರೀ ನೀರು ಹಾಕುತ್ತೇವೆ; ಅಲ್ಲಿ ಗೆರೆ ಬರಕೂಡದು. ಆ ಹುಳಗಳ ಸಾಲಿನಲ್ಲಿ ಗೆರೆ ಬಂತು. ಕುಣಿಯುತ್ತ ಸರ್ ಹತ್ತಿರ ಫೋಟೊ ಒಯ್ದೆ. ಅವರು ಕನ್ನಡಕ ಏರಿಸಿ ನೋಡಿದರು. ಗೆರೆ ನೀರಿನ ಸಾಲಿನಲ್ಲೂ ಇತ್ತು, ಇನ್ನೂ ದಪ್ಪಗೆ.

"ಏನಮ್ಮ, ಬಳ್ಳಾರಿಯ ನೀರಿಗೂ ಕಾಯಿಕೊರಕದ ರೋಗ ಬಂದಿದೆ ಅಂತ ಬರೀತೀಯಾ?"

ಅವಮಾನದಿಂದ ಮೈ ಉರಿಯಿತು. ದ್ರವ ಅಳೆದು ಹಾಕುವ ಪಿಪೆಟ್‌ಗಳನ್ನೆಲ್ಲ ತಿಕ್ಕಿ ತೊಳೆದು, ಮತ್ತೆ ಹುಳ ಹುಡುಕಲು ಹೊರಟೆ.

ಕುರುಗೋಡಿನ ಸಮಾಧಾನ

ಕೊನೆಗೂ ನೀರಿನ ಸಾಲು ಖಾಲಿ ಉಳಿದು, ಹುಳದ ಸಾಲಿನಲ್ಲಿ ಮಾತ್ರ ಗೆರೆ ಬಂತು. ವಿಷಯ ನನ್ನ ಕೈಯಲ್ಲೇ ಉಳಿಯಿತು. ಆ ಹುಳ ಸಿಕ್ಕದ್ದು ಕುರುಗೋಡಿನಲ್ಲಿ, ಅಜ್ಜಿಯೊಬ್ಬರ ಮೆಣಸಿನಕಾಯಿ ಹೊಲದಲ್ಲಿ. ಆ ದಿನದ್ದನ್ನು ಹೇಳದೆ ಬಿಟ್ಟರೆ ನನಗೇ ಸಮಾಧಾನವಿಲ್ಲ.

"ಹುಳ ನೋಡ್ಕೊಂಡು ಬರ್ತೀನಜ್ಜಿ" ಎಂದಷ್ಟೇ ಹೇಳಿ ಹೊಲಕ್ಕಿಳಿದಿದ್ದೆ. ಈ ರೋಗ ಬಂದ ಹುಳ ಸಾಯುವ ಮುಂಚೆ ಗಿಡದ ತುದಿಗೆ ಹತ್ತಿ ತಲೆಕೆಳಗಾಗಿ ಜೋತುಬೀಳುತ್ತದೆ. ಸಾಲು ಸಾಲು ಬಗ್ಗಿ ನೋಡಿ ಸೊಂಟ ಬಿದ್ದುಹೋಗಿತ್ತು. ಸಾಕಪ್ಪಾ ಎಂದು ತಲೆ ಎತ್ತಿದರೆ ಕಣ್ಣೆದುರೇ ಒಂದು ಜೋತಾಡುತ್ತಿದೆ! ಕಿಟಾರನೆ ಕಿರುಚಿದೆ. ಹುಳವನ್ನು ಅಂಗೈಯಲ್ಲಿಟ್ಟುಕೊಂಡು ಅಲ್ಲೇ ಕುಳಿತೆ. ಕಣ್ಣಲ್ಲಿ ದಳದಳ ನೀರು.

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಓಡಿಬಂದರು. "ಯವ್ವಾ, ಹಾವು ಗೀವು ಕಚ್ಚಿತೇನು?"

"ಇಲ್ಲಜ್ಜಿ... ಹುಳ... ಹುಳ ಸತ್ತೈತಿ!"

ಅಜ್ಜಿ ನನ್ನ ಅಂಗೈ ನೋಡಿದರು, ಮುಖ ನೋಡಿದರು. ಆಮೇಲೆ ಪಕ್ಕದಲ್ಲಿ ಕುಳಿತು ಮೆಲ್ಲಗೆ ತಲೆ ಸವರಿದರು.

"ಅಳಬ್ಯಾಡ ನಮ್ಮವ್ವ, ಸಮಾಧಾನ ಮಾಡ್ಕೋ. ಹೊಲದಾಗ ಇನ್ನೂ ಬೇಕಾದಷ್ಟು ಜೀವಂತ ಅದಾವ."