ಕೇರಾಫ್ ಇಲ್ಲದ ರೊಪ್ಪ

ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಸ್ವಾಭಿಮಾನ ತುಸು ಜಾಸ್ತಿಯೇ ಇರುತ್ತದೆ. ನನಗಂತೂ ಅದೊಂದು ಕಾಯಿಲೆ. ಚಿಕ್ಕಂದಿನಲ್ಲಿ ನಮ್ಮ ಹಟ್ಟಿಯ ಕಾಗದಗಳೆಲ್ಲ ಹುಲಿಕುಂಟೆಯ ಒಂದು ಅಂಗಡಿಯ ಕೇರಾಫ್ ಬರುತ್ತಿದ್ದವು. ಅಂಗಡಿಯವರು ಮೊದಲು ತಾವು ಓದಿ, ನಕ್ಕು, ಆಮೇಲೆ ನಮಗೆ ಕೊಡುತ್ತಿದ್ದರು. ಅಂದಿನಿಂದ ಕೇರಾಫ್ ಎಂದರೆ ನನಗೆ ಮೈಯುರಿ. ದುಡಿದು ಸ್ವಂತ ಕುರಿ ಕಟ್ಟಿದೆ, ಸ್ವಂತ ಬೋರು ಕೊರೆಸಿದೆ.

ಹೋದ ಸಲ ನಾನು ಶಿರಾ ಸಂತೆಯಲ್ಲಿದ್ದಾಗ ಕುರಿ ಕೂಡುವ ರೊಪ್ಪದಲ್ಲಿ ಒಂದು ಕುರಿ ಈಯಲಾಗದೆ ಒಂಟಿಯಾಗಿ ನರಳಿತು, ಅದರ ಮರಿ ಹುಟ್ಟುತ್ತಲೇ ಸತ್ತುಹೋಯಿತು. ಅದಕ್ಕೇ ಕ್ಯಾಮೆರಾ ಹಾಕಿಸಿದೆ. ನಾನು ಮನೆಯೊಳಗಿದ್ದರೆ ರೊಪ್ಪ ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆ, ಊರು ದಾಟಿದರೆ ಫೋನಿನ ತುಂಬ ಕತ್ತಲು! ಇಂಟರ್‌ನೆಟ್ ಕೊಟ್ಟಿದ್ದ ನಾಗರಾಜನನ್ನು ಹಿಡಿದೆ.

"ಅಣ್ಣ, ಇಂಟರ್‌ನೆಟ್ಟಲ್ಲಿ ಊರಿಗೆಲ್ಲ ಹೊರಗಡೆ ಒಂದೇ ಅಡ್ರೆಸ್ಸು. ನೀವು ಕೇಳಿದ್ದಕ್ಕೆ ಉತ್ರ ನಿಮ್ಮನೇಗೇ ಬತ್ತದೆ. ಹೊರಗಿಂದ ಹುಡುಕ್ಕೊಂಡು ಬಂದೋರಿಗೆ ಮಾತ್ರ ಯಾವ ಮನೆ ಅಂತ ಗೊತ್ತಾಗಾಕಿಲ್ಲ."

"ಅಂದ್ರೆ ಕೇರಾಫ್ ಅನ್ನು!"

"ಅಂಗೇ ಅನ್ಕಳ್ಳಿ. ಬೇಕಾದ್ರೆ ಕ್ಯಾಮೆರಾ ಕಂಪ್ನಿಯೋರ ಮೂಲಕ ನೋಡ್ಬೋದು."

"ನನ್ ಕುರಿ ನಾನ್ ನೋಡಾಕೆ ಇನ್ನೊಬ್ರನ್ನ ಯಾಕ್ಲಾ ಕೇಳ್ಬೇಕು? ನಂಗೆ ಸ್ವಂತ ಅಡ್ರೆಸ್ಸೇ ಬೇಕು ಕಣ್ಲಾ."

ಕೊಡಿಸಿದ. "ಬಾಗ್ಲು ನೇರ ಬೀದಿಗೆ ಬಂತು, ಬೀಗ ಗಟ್ಟಿ ಇರ್ಲಿ" ಎಂದು ಉದ್ದನೆಯ ಪಾಸ್‌ವರ್ಡನ್ನೂ ಹಾಕಿದ.

ಮುಂದಿನ ಸಂತೆಯ ದಿನ ರೊಪ್ಪದಲ್ಲಿ ದಿನ ತುಂಬಿದ ಕುರಿ ಇತ್ತು. "ಇವತ್ತೊಂದಿನ ಇರ್ಬಾರ್ದಾ?" ಎಂದಳು ಹೆಂಡತಿ ಲಕ್ಷ್ಮಮ್ಮ. "ಇನ್ಮೇಲೆ ಎಲ್ಲಿದ್ರೂ ನಾನು ಇಲ್ಲೇ ಇದ್ದಂಗೆ" ಎಂದು ಹೊರಟೆ. ಸಂತೆಯಲ್ಲಿ ಫೋನು ತೆಗೆದರೆ, ಆಹಾ, ನನ್ನ ರೊಪ್ಪ, ನನ್ನ ಕುರಿಗಳು, ನಡುವೆ ಯಾವ ಅಂಗಡಿಯವರೂ ಇಲ್ಲ! ಸಿಕ್ಕಸಿಕ್ಕವರ ಮೂಗಿನ ಕೆಳಗೆ ಫೋನು ಹಿಡಿದು ಭಾಷಣ ಶುರು ಮಾಡಿದೆ. ಕುರಿ ವ್ಯಾಪಾರದ ವಯಸ್ಸಾದ ಸಾಬರೊಬ್ಬರು ಕನ್ನಡಕ ಏರಿಸಿ ನೋಡಿದರು.

"ಅರೇ ಭಾಯ್, ನಿನ್ ಅಡ್ರೆಸ್ ಆಮ್ಯಾಕೆ ಹೇಳು. ಮೂಲೇಲಿ ಕುರಿ ನೆಲ ಕೆರೀತಾ ಐತೆ, ಬೀಳ್ತಾ ಏಳ್ತಾ ಐತೆ. ಮರಿ ಸಿಗಾಕ್ಕೊಂಡೈತೆ, ಜಲ್ದಿ ಫೋನ್ ಮಾಡು!"

ಮಾಡಿದೆ. ಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಓಡಿ ಬಂದದ್ದು, ಮಡಚಿಕೊಂಡಿದ್ದ ಮರಿಯ ಕಾಲನ್ನು ಬಿಡಿಸಿ ಎಳೆದದ್ದು, ಮರಿ ಒದ್ದಾಡಿ ತಲೆ ಎತ್ತಿದ್ದು, ಎಲ್ಲವನ್ನೂ ಸಂತೆಯೇ ಉಸಿರು ಹಿಡಿದು ನೋಡಿತು. ನಾನು ಲೋಕ ಗೆದ್ದವನಂತೆ ಎದೆ ಉಬ್ಬಿಸಿ ಮನೆಗೆ ಬಂದೆ.

"ಅಷ್ಟು ದೂರದಿಂದ ಹೆಂಗ್ ಕಂಡುಹಿಡಿದ್ರಿ?" ಎಂದು ಲಕ್ಷ್ಮಮ್ಮ ಮೊದಲ ಬಾರಿಗೆ ನನ್ನನ್ನು ಮೆಚ್ಚುಗೆಯಿಂದ ನೋಡಿದಳು.

"ಸ್ವಂತ ಅಡ್ರೆಸ್ ಕಣಮ್ಮ, ಸುದ್ದಿ ನೇರ ನಂಗೇ ಬತ್ತದೆ" ಎಂದೆ. ಆ ಸುದ್ದಿಯೂ ಸಾಬರ ಕೇರಾಫ್ ಬಂದದ್ದೆಂದು ಅವಳಿಗೆ ಇನ್ನೂ ಹೇಳಿಲ್ಲ.