ಊಟದ ಹೊತ್ತಿನಲ್ಲಿ ಸರಿದ ಊರು

ಇಪ್ಪತ್ತೆರಡು ವರ್ಷಗಳಿಂದ ನಮ್ಮೂರಿನ ನಾಮಫಲಕವನ್ನು ನಾನು ಗಾಸ್ತೋನನ ಪೃಷ್ಠಭಾಗದ ಬಲಬದಿಯಿಂದ ಮಾತ್ರ ನೋಡಿದ್ದೇನೆ. ಮೊಂಬ್ರಿಯಾಕ್ ಎಂಬ ಹೆಸರಿನಲ್ಲಿ ‘ಯಾಕ್’ ಅಷ್ಟೇ ನನ್ನ ಪಾಲಿಗೆ ಬಂದದ್ದು. ಉಳಿದ ಅಕ್ಷರಗಳೆಲ್ಲ ಅವನ ಹಿಂದೆ ಅಸ್ತಂಗತ.

ಪ್ರತಿ ಭಾನುವಾರ ನಮ್ಮ ಸೈಕಲ್ ಸಂಘದವರು ಎಪ್ಪತ್ತು ಕಿಲೋಮೀಟರು ಸುತ್ತಿ ಬರುತ್ತೇವೆ. ದಾರಿಯಲ್ಲಿ ಏಳು ಪುರಾತನ ಹಳ್ಳಿಗಳು. ಅವುಗಳ ಕೋಟೆ, ಕಮಾನು, ಪಾರಿವಾಳದ ಗೋಪುರ ನೋಡಲು ದೂರದೂರದ ಜನ ಬರುತ್ತಾರಂತೆ. ನಾನು ನೋಡಿರುವುದು ಮುಂದಿನವನ ಹಿಂದಿನ ಚಕ್ರ. (ಆ ಚಕ್ರ ಯಾವ ಶತಮಾನದ್ದೆಂದು ಬೇಕಾದರೆ ಹೇಳಬಲ್ಲೆ.) ಏಳು ಹಳ್ಳಿಗಳವರೆಗೂ ನಾವು ಅಣ್ಣತಮ್ಮಂದಿರು. ನಮ್ಮೂರ ಸೇತುವೆ ದಾಟಿದೊಡನೆ ಶತ್ರುಗಳು. ಅಲ್ಲಿಂದ ಯಾರ ಚಕ್ರ ಊರಿನ ಫಲಕವನ್ನು ಮೊದಲು ದಾಟುವುದೋ ಆತನೇ ಆ ವಾರದ ಚಕ್ರವರ್ತಿ. ಕೆಫೆಯ ಕಿಟಕಿ ಪಕ್ಕದ ಬೆತ್ತದ ಕುರ್ಚಿ ಅವನದು. ಮೊದಲ ಬಿಸಿ ಕ್ರುವಾಸಾಂ ರೊಟ್ಟಿ ಅವನದು. ಉಳಿದವರು ಮುಂದಿನ ಭಾನುವಾರದವರೆಗೆ ಅವನನ್ನು ‘ಅಧ್ಯಕ್ಷರೇ’ ಎನ್ನಬೇಕು.

ಸೇತುವೆಯಿಂದ ಆಕ್ರೋಟಿನ ಮರದವರೆಗೆ ಯಾವಾಗಲೂ ನಾನೇ ಮುಂದು. ಅಲ್ಲಿಂದ ಫಲಕಕ್ಕೆ ಮುನ್ನೂರು ಮೀಟರು ಏರು. ಆ ಏರಿನಲ್ಲಿ ಗಾಸ್ತೋನನ ತೊಡೆಗಳು ಎಚ್ಚರಗೊಳ್ಳುತ್ತವೆ. ಅವನು ಕಸಾಯಿ ಅಂಗಡಿಯವನು, ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ. ಭಾಗಾಕಾರ ಬರುತ್ತಿರಲಿಲ್ಲ, ಪಕ್ಕದವನ ಹಾಳೆ ನೋಡಿ ಬರೆಯುತ್ತಿದ್ದ. ಎಷ್ಟೋ ಸಲ ಮೂಲೆಯಲ್ಲಿ ನಿಲ್ಲಿಸಿದ್ದೇನೆ. ಈಗ ಪ್ರತಿ ವಾರ ನನ್ನನ್ನು ದಾಟುವಾಗ ತಿರುಗಿ, ಬಹಳ ವಿನಯದಿಂದ, “ಕ್ಷಮಿಸಿ ಮೇಷ್ಟ್ರೇ” ಎನ್ನುತ್ತಾನೆ. ಸೋಲನ್ನು ಸಹಿಸಬಹುದು, ಆ ವಿನಯವನ್ನು ಸಹಿಸಲಾರೆ.

ಮೇ ತಿಂಗಳ ಕೊನೆಯ ಸೋಮವಾರ ನನಗೆ ಎಪ್ಪತ್ತು ತುಂಬುವುದಿತ್ತು. ಸಂಘದ ನಿಯಮದಂತೆ ಎಪ್ಪತ್ತು ತುಂಬಿದವರು ಎರಡನೆಯ ಗುಂಪಿಗೆ ಸೇರಬೇಕು. ಅದಕ್ಕೆ ಬಸವನಹುಳು ಗುಂಪೆಂದು ಹೆಸರು. ಪ್ರತಿ ಚರ್ಚಿನ ಮುಂದೆ, ಪ್ರತಿ ಚೀಸ್ ಅಂಗಡಿಯ ಮುಂದೆ ಇಳಿದು ನಿಲ್ಲುವ ಆ ಗುಂಪಿಗೆ ಫಲಕದ ಓಟವೇ ಇಲ್ಲ. ಅಂದರೆ ಹುಟ್ಟುಹಬ್ಬದ ಹಿಂದಿನ ಭಾನುವಾರವೇ ನನ್ನ ಕಟ್ಟಕಡೆಯ ಅವಕಾಶ.

“ಏನ್ರೀ, ಭಾನುವಾರ ಹನ್ನೊಂದು ಗಂಟೆಗೆ ಹೂವಿನ ಸ್ಪರ್ಧೆ ತೀರ್ಪುಗಾರರು ಬರ್ತಾರೆ. ಮನೆ ಮುಂದೆ ನಿಮ್ಮ ಆ ಬೆವರಿನ ಬನಿಯನ್ ಒಣಗಹಾಕಿದ್ರೆ ನಾನು ಸುಮ್ನಿರಲ್ಲ” ಎಂದಳು ನನ್ನ ಹೆಂಡತಿ ಸೊಲಾಂಜ್.

ಮೂರು ವರ್ಷಗಳಿಂದ ಅವಳ ಜೆರೇನಿಯಂ ಕುಂಡಗಳಿಗೆ ಎರಡನೆಯ ಬಹುಮಾನ. ಮೊದಲನೆಯದನ್ನು ಗೆಲ್ಲುತ್ತಿದ್ದ ಔಷಧದಂಗಡಿಯಾಕೆ ಈ ಸಲ ಮಗಳ ಬಾಣಂತನಕ್ಕೆ ಹೋಗಿದ್ದಳು. ಹಾಗಾಗಿ ಸೊಲಾಂಜ್ ಗೋಡೆಗೆ ಮೊಳೆ ಹೊಡೆದು ಪ್ರಶಸ್ತಿಪತ್ರಕ್ಕೆ ಜಾಗ ಮಾಡಿಯೇ ಇಟ್ಟಿದ್ದಳು.

“ಭಾನುವಾರ ನನಗೂ ಮುಖ್ಯ ಕಣೇ. ಕೊನೇ ಓಟ.”

“ಇಪ್ಪತ್ತೆರಡು ವರ್ಷ ಓಡಿ ತಂದಿದ್ದೇನು? ಮಂಡಿನೋವು. ನನ್ನ ಹೂ ನೋಡಿ ಕಲೀರಿ. ನಿಂತಲ್ಲೇ ನಿಂತು ಹೆಸರು ತರ್ತವೆ.”

ನಿಂತಲ್ಲೇ ನಿಂತು! ಆ ಮಾತೇ ನನ್ನ ತಲೆಯಲ್ಲಿ ದೀಪ ಹಚ್ಚಿತು. ಫಲಕ ಮಾತ್ರ ಯಾಕೆ ನಿಂತಲ್ಲೇ ನಿಂತಿರಬೇಕು? ನಾನು ಅದರ ಬಳಿಗೆ ಹೋಗಲಾರದಿದ್ದರೆ ಅದು ನನ್ನ ಬಳಿಗೆ ಬರಬಾರದೆ? ಚಳಿಗಾಲದಲ್ಲಿ ರೈತರು ಸರ್ಕಾರದ ಮೇಲಿನ ಸಿಟ್ಟಿಗೆ ಸುತ್ತಲಿನ ಊರುಗಳ ಫಲಕಗಳನ್ನೆಲ್ಲ ತಲೆಕೆಳಗು ಮಾಡಿದ್ದರು. ನಮ್ಮದನ್ನು ನೆಟ್ಟಗೆ ಮಾಡಿದವರು ಬೋಲ್ಟನ್ನು ಬೆರಳಿನಲ್ಲಷ್ಟೇ ತಿರುಗಿಸಿ ಬಿಟ್ಟಿದ್ದರು. ಆಕ್ರೋಟಿನ ಮರದ ಹತ್ತಿರ ಒಂದು ಬೋಳು ಕಂಬವೂ ಇತ್ತು. ‘ಮುಂದೆ ತಿರುವು’ ಎಂಬ ಎಚ್ಚರಿಕೆಯ ಫಲಕಕ್ಕೆ ಟ್ರ್ಯಾಕ್ಟರು ಗುದ್ದಿದ ಮೇಲೆ ಉಳಿದ ಕಂಬ ಅದು.

ಇಂಥ ಕೆಲಸಕ್ಕೆ ಕತ್ತಲೆ ಬೇಕೆನ್ನುವವರು ನಮ್ಮೂರನ್ನು ಅರಿಯರು. ರಾತ್ರಿ ಇಲ್ಲಿ ನಾಯಿ ಇರುತ್ತದೆ, ನಿದ್ದೆ ಬಾರದ ಮುದುಕಿಯರಿರುತ್ತಾರೆ. ಮಧ್ಯಾಹ್ನ ಹನ್ನೆರಡೂವರೆಗೆ ಮಾತ್ರ ಯಾರೂ ಇರುವುದಿಲ್ಲ. ಎಲ್ಲರೂ ಊಟಕ್ಕೆ ಕುಳಿತಿರುತ್ತಾರೆ. ಆ ಹೊತ್ತಿನಲ್ಲಿ ಚರ್ಚಿನ ಗಂಟೆಯನ್ನೇ ಹೊತ್ತೊಯ್ದರೂ ನಮ್ಮವರು ಬ್ರೆಡ್ಡಿನಿಂದ ತಟ್ಟೆ ಒರೆಸಿ ಮುಗಿಸದೆ ಏಳುವವರಲ್ಲ.

ಶನಿವಾರ ಹನ್ನೆರಡೂವರೆಗೆ ಫಲಕವನ್ನು ಕಳಚಿ, ಹಗ್ಗದಿಂದ ಬೆನ್ನಿಗೆ ಕಟ್ಟಿಕೊಂಡು ಸೈಕಲ್ ಹತ್ತಿದೆ. ಊರನ್ನೇ ಬೆನ್ನ ಮೇಲೆ ಹೊತ್ತು ಸೈಕಲ್ ತುಳಿದವರು ಚರಿತ್ರೆಯಲ್ಲಿ ಬೇರೆ ಯಾರೂ ಇರಲಾರರು. ಗಾಳಿ ಬೀಸಿದಾಗ ಊರು ಎಡಕ್ಕೆ ಎಳೆಯಿತು, ಮೇಷ್ಟ್ರು ಬಲಕ್ಕೆ ಎಳೆದರು. ಅಂತೂ ಬೋಳು ಕಂಬಕ್ಕೆ ಅದನ್ನು ಬಿಗಿದು, ಸ್ಪ್ಯಾನರಿನಿಂದ ಟಣ್ ಟಣ್ ಎಂದು ನಾಲ್ಕು ಪೆಟ್ಟು ಕೊಟ್ಟು ಮನೆಗೆ ಬಂದೆ.

“ಮುಕ್ಕಾಲು ಗಂಟೆ ತಡ! ಒಣ ಪ್ಲಮ್ ಹಾಕಿ ಮಾಡಿದ ಮೊಲದ ಮಾಂಸ ಚಪ್ಪಲಿ ಆಗಿದೆ. ಎಲ್ಲಿ ಹೋಗಿದ್ರಿ?”

“ಅಭ್ಯಾಸಕ್ಕೆ.”

“ಊಟದ ಹೊತ್ತಲ್ಲಿ? ಜ್ವರ ಬಂದಿದೆಯಾ?” ಎಂದು ಹಣೆ ಮುಟ್ಟಿ ನೋಡಿದಳು.

ಭಾನುವಾರ ಬಂತು. ಸೇತುವೆ ದಾಟಿದೆವು. ಪ್ರಾಣವನ್ನು ಪೆಡಲಿಗೆ ಕಟ್ಟಿ ತುಳಿದೆ. ಆಕ್ರೋಟಿನ ಮರ! ಫಲಕ! ಎರಡೂ ಕೈಗಳನ್ನು ಆಕಾಶಕ್ಕೆ ಎತ್ತಿ, “ಗೆದ್ದೆ!” ಎಂದು ಕೂಗಿದೆ. ಸೈಕಲ್ ಇಳಿದು ಒಂದು ಸುತ್ತು ಕುಣಿದೂಬಿಟ್ಟೆ.

“ಕ್ಷಮಿಸಿ ಮೇಷ್ಟ್ರೇ” ಎನ್ನುತ್ತ ಗಾಸ್ತೋನ್ ದಾಟಿಹೋದ. ಅವನ ಹಿಂದೆ ಉಳಿದ ಹನ್ನೊಂದು ಮಂದಿಯೂ ತಲೆ ತಗ್ಗಿಸಿಕೊಂಡು ಹೋದರು.

ಆಗ ನನಗೆ ಹೊಳೆಯಿತು. ಇಷ್ಟು ವರ್ಷಗಳಲ್ಲಿ ಇವರಾರೂ ಆ ಜಾಗ ಮುಟ್ಟುವ ತನಕ ಫಲಕವನ್ನು ಕಣ್ಣೆತ್ತಿ ನೋಡಿದವರೇ ಅಲ್ಲ. ಕಾಲಿಗೆ ಗೊತ್ತಿದ್ದ ಜಾಗಕ್ಕೆ ಓಡುತ್ತಿದ್ದರು, ಅಷ್ಟೆ. ಅವರು ಹಳೆಯ ಜಾಗಕ್ಕೆ ಹೋಗಿ ನೋಡಿದರೆ ಫಲಕವಿಲ್ಲ. ಗಾಸ್ತೋನ್ ನಿಂತನೇ? ಇಲ್ಲ. “ಬೋರ್ಡಿಲ್ಲ ಅಂದ್ರೆ ಊರು ಇನ್ನೂ ಬಂದಿಲ್ಲ, ತುಳೀರೋ!” ಎಂದನಂತೆ. ಹನ್ನೆರಡು ಜನ ಚರ್ಚನ್ನು, ಕೆಫೆಯನ್ನು, ಸ್ವಂತ ಮನೆಗಳನ್ನು, ಬಾಗಿಲಲ್ಲಿ ನಿಂತ ಸ್ವಂತ ಹೆಂಡಂದಿರನ್ನು ದಾಟಿ ಆಚೆಯ ತುದಿಯಿಂದ ಹೊರಬಿದ್ದು, ಆರು ಕಿಲೋಮೀಟರು ದೂರದ ಪಕ್ಕದೂರಿನ ಫಲಕ ಸಿಕ್ಕಿದ ಮೇಲೆಯೇ ನಿಂತದ್ದು. ಗಾಸ್ತೋನನೇ ಮೊದಲು.

ಅವರು ನಾಲಿಗೆ ಹೊರಚಾಚಿ ಕೆಫೆಗೆ ಮರಳುವ ಹೊತ್ತಿಗೆ ಊರೆಲ್ಲ ಅಲ್ಲಿ ನೆರೆದಿತ್ತು. ತೀರ್ಪುಗಾರ್ತಿ ಕನ್ನಡಕ ಏರಿಸಿ ಓದಿದಳು. “ಎರಡನೇ ಬಹುಮಾನ, ಸೊಲಾಂಜ್. ಮೊದಲನೇ ಬಹುಮಾನ, ಬಾಪ್ತಿಸ್ತೀನ್.”

ಬಾಪ್ತಿಸ್ತೀನ್ ಎಂದರೆ ಆಕ್ರೋಟಿನ ಮರದ ಪಕ್ಕದ ತೋಟದ ಮನೆಯ ವಿಧವೆ. ಅವಳ ಅಂಗಳ ನಂದನವನವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಆ ಮನೆ ಊರಾಚೆ ಇದ್ದುದರಿಂದ ಸ್ಪರ್ಧೆಗೆ ಎಂದೂ ಸೇರಿದ್ದಿಲ್ಲ.

“ಅವಳ ಮನೆ ಊರೊಳಗೆ ಯಾವತ್ತು ಬಂತು?” ಸೊಲಾಂಜಳ ಧ್ವನಿಗೆ ಕಪ್ಪುಗಳು ನಡುಗಿದವು.

“ಫಲಕದಿಂದ ಈಚೆಗಿರೋದೆಲ್ಲ ಊರೇ ಅಲ್ವೇನಮ್ಮಾ? ಫಲಕ ಅಲ್ಲೇ ಇತ್ತು, ಕಣ್ಣಾರೆ ನೋಡಿದೀವಿ. ಯಾರೋ ವಯಸ್ಸಾದವರು ಅದರ ಕೆಳಗೆ ಕೈ ಎತ್ತಿ ಕುಣೀತಾ ಇದ್ರು. ಅದನ್ನೂ ಬರ್ಕೊಂಡಿದೀವಿ” ಎಂದಳು ತೀರ್ಪುಗಾರ್ತಿ.

ಊರೆಲ್ಲ ನನ್ನತ್ತ ತಿರುಗಿತು.

“ಹಾಗಾದ್ರೆ ಬೋರ್ಡು ಅಲ್ಲಿತ್ತಾ ಮೇಷ್ಟ್ರೇ?” ಎಂದ ಗಾಸ್ತೋನ್. “ಇದ್ರೆ ನೀವೇ ಗೆದ್ರಿ. ಕುರ್ಚಿ ನಿಮ್ಮದೇ.”

“ಇರ್ಲಿಲ್ಲ ಅಂತ ಹೇಳ್ರೀ” ಎಂದಳು ಸೊಲಾಂಜ್, ಹಲ್ಲುಗಳ ನಡುವಿನಿಂದ.

ಇತ್ತು ಎಂದರೆ ನನಗೆ ಕುರ್ಚಿ, ಬಾಪ್ತಿಸ್ತೀನಳಿಗೆ ಬಹುಮಾನ. ಇರಲಿಲ್ಲ ಎಂದರೆ ಸೊಲಾಂಜಳ ಮೊಳೆಗೆ ಪ್ರಶಸ್ತಿಪತ್ರ, ನನಗೆ ಬಸವನಹುಳು. ನಲವತ್ತೊಂದು ವರ್ಷ ಮಕ್ಕಳಿಗೆ ಸತ್ಯ ಹೇಳಿರೆಂದು ಬೋಧಿಸಿದವನು ನಾನು. ಬೆತ್ತದ ಕುರ್ಚಿಯನ್ನು ನೋಡಿದೆ.

“ಇತ್ತು” ಎಂದೆ. (ಇದನ್ನು ಸತ್ಯನಿಷ್ಠೆ ಎಂದು ಭಾವಿಸಿ ಇಬ್ಬರು ಕಣ್ಣೊರೆಸಿಕೊಂಡರು. ಕುರ್ಚಿಯ ಆಸೆ ಎಂದು ಹೆಂಡತಿಗೆ ಗೊತ್ತಿತ್ತು.)

“ಇದ್ದಿದ್ದೇನೋ ಸರಿ, ಅಲ್ಲಿಗೆ ಹೋಗಿದ್ದು ಹೇಗೆ?” ಎಂದರು ನಮ್ಮ ಮೇಯರಮ್ಮ.

“ನಿನ್ನೆ ಸೂಪ್ ಕುಡೀತಿದ್ದಾಗ ಟಣ್ ಟಣ್ ಅಂತ ಕೇಳಿಸ್ತು” ಎಂದಳು ಬಾಪ್ತಿಸ್ತೀನ್, ಮೆಲ್ಲಗೆ. “ಸೂಪ್ ಆರಿಹೋಗತ್ತೆ ಅಂತ ಏಳಲಿಲ್ಲ.”

“ಅಂದ್ರೆ ಹನ್ನೆರಡೂವರೆ. ಆಗ ಊಟಕ್ಕೆ ಕೂತಿರದವರು ಯಾರು?” ಎಂದರು ಮೇಯರಮ್ಮ.

ಸಭೆ ಗಂಭೀರವಾಯಿತು. ನಮ್ಮೂರಿನಲ್ಲಿ ಇದಕ್ಕಿಂತ ಘೋರವಾದ ಆಪಾದನೆ ಇಲ್ಲ. ಒಬ್ಬೊಬ್ಬರೂ ಎದ್ದು ಸಾಕ್ಷಿ ನುಡಿದರು. “ನಮ್ಮಲ್ಲಿ ಹುರುಳಿಕಾಯಿ, ಸಾಸೇಜು.” “ನಮ್ಮಲ್ಲಿ ಬಾತುಕೋಳಿ.” ಸೊಲಾಂಜಳೂ ಅಭಿಮಾನದಿಂದ ಎದ್ದಳು. “ನಮ್ಮಲ್ಲಿ ಪ್ಲಮ್ ಹಾಕಿದ ಮೊಲ. ಇವರು ಮುಕ್ಕಾಲು ಗಂಟೆ ತಡ ಮಾಡದೆ ಇದ್ದಿದ್ರೆ...”

ಅವಳು ನಿಧಾನವಾಗಿ ನನ್ನತ್ತ ತಿರುಗಿದ ಪರಿಯನ್ನು ವರ್ಣಿಸಲಾರೆ.

ಗಾಸ್ತೋನ್ ಗಂಟಲು ಸರಿಮಾಡಿಕೊಂಡ. “ಮೇಷ್ಟ್ರೇ, ಮೂರನೇ ಕ್ಲಾಸಲ್ಲಿ ನಾನು ಕಾಪಿ ಹೊಡ್ದಾಗ ಏನು ಮಾಡಿದ್ರಿ?”

“ಮೂಲೆಯಲ್ಲಿ ನಿಲ್ಲಿಸಿದ್ದೆ.”

“ಗೋಡೆ ಕಡೆ ಮುಖ ಮಾಡ್ಸಿ, ಅಲ್ವಾ?”

ಹೀಗೆ ನನ್ನ ಅರವತ್ತೊಂಬತ್ತರ ವಯಸ್ಸಿನ ಕೊನೆಯ ದಿನವನ್ನು ಕೆಫೆಯ ಮೂಲೆಯಲ್ಲಿ ಗೋಡೆ ನೋಡುತ್ತ ಕಳೆದೆ. ಬೆನ್ನ ಹಿಂದೆ ಬೆತ್ತದ ಕುರ್ಚಿ ಕಿರ್ರೆಂದದ್ದು ಕೇಳಿಸಿತು. ಆಮೇಲೆ, “ಕ್ಷಮಿಸಿ ಮೇಷ್ಟ್ರೇ.”

ಫಲಕ ಹಿಂದಕ್ಕೆ ಹೋಯಿತೆಂದುಕೊಂಡಿರಾ? ಇಲ್ಲ. ಆ ತಿರುವಿನಲ್ಲಿ ಟ್ರ್ಯಾಕ್ಟರುಗಳು ನಿಧಾನವಾಗಿ ಬರಲಿ ಎಂದು ಮೇಯರಮ್ಮ ಆರು ವರ್ಷಗಳಿಂದ ಮೇಲಿನವರಿಗೆ ಕಾಗದ ಬರೆಯುತ್ತಿದ್ದರಂತೆ. ಊರಿನ ಫಲಕ ಕಂಡರೆ ವೇಗ ತಗ್ಗಿಸಲೇಬೇಕು. “ಅಲ್ಲೇ ಇರ್ಲಿ, ಮೇಷ್ಟ್ರು ಮೊದಲ್ನೇ ಸಲ ಊರಿಗೆ ಉಪಯೋಗ ಆಗಿದಾರೆ” ಎಂದು ಬೋಲ್ಟುಗಳನ್ನು ಭದ್ರಗೊಳಿಸಿದರು. ನಾನು ಸದಾ ಗೆಲ್ಲಬಲ್ಲ ಜಾಗದಲ್ಲಿ ಫಲಕ ಶಾಶ್ವತವಾಗಿ ನಿಂತಿತು. ಮರುದಿನ ನನಗೆ ಎಪ್ಪತ್ತು ತುಂಬಿತು.

ಐದು ದಿನ ಸೊಲಾಂಜ್ ಗೋಡೆಯ ಖಾಲಿ ಮೊಳೆಯ ಧೂಳು ಒರೆಸಿದಳು. ಶನಿವಾರ ಹನ್ನೆರಡೂಕಾಲಿಗೆ ಸೊಲಾಂಜ್ ನನ್ನ ಮುಂದೆ ತಟ್ಟೆ ಇಡಲಿಲ್ಲ, ಒಂದು ಕತ್ತರಿ ಇಟ್ಟಳು.

“ಬಾಪ್ತಿಸ್ತೀನಳ ಅಂಗಳದಲ್ಲಿ ಕಡುಗೆಂಪು ಜೆರೇನಿಯಂ ಇದೆ. ಒಂದು ಕಡ್ಡಿ ಮುರ್ಕೊಂಡು ಬನ್ನಿ. ಮುಂದಿನ ವರ್ಷಕ್ಕೆ ಬೇಕು.”

“ಕದಿಯೋದಾ? ನಾನು ಮೇಷ್ಟ್ರು ಕಣೇ!”

“ಊರನ್ನೇ ಹೊತ್ತ ಬೆನ್ನಿಗೆ ಒಂದು ಕಡ್ಡಿ ಭಾರಾನಾ? ಹೊರಡಿ. ಎಲ್ಲರೂ ಊಟಕ್ಕೆ ಕೂತಿರ್ತಾರೆ, ಯಾರೂ ನೋಡಲ್ಲ.”

ಹೊರಟೆ. ಬೀದಿ ನಿರ್ಜನವಾಗಿತ್ತು. ಆದರೆ ನಾನು ದಾಟಿದ ಹಾಗೆಲ್ಲ ಒಂದೊಂದು ಕಿಟಕಿಯ ಪರದೆಯೂ ಸರಿಯಿತು, ಒಂದೊಂದು ಮನೆಯ ಚಮಚದ ಸದ್ದೂ ನಿಂತಿತು. ಊರಿನ ಚರಿತ್ರೆಯಲ್ಲೇ ಮೊದಲ ಬಾರಿಗೆ ಜನ ಸೂಪನ್ನು ಆರಲು ಬಿಟ್ಟು ಎದ್ದು ನಿಂತಿದ್ದರು.

ಆಕ್ರೋಟಿನ ಮರದ ಕೆಳಗೆ, ಫಲಕದ ಕಂಬಕ್ಕೆ ಒಂದು ಪುಟ್ಟ ಕುಂಡವನ್ನು ದಾರದಿಂದ ಕಟ್ಟಿ ಇಡಲಾಗಿತ್ತು. ಅದರಲ್ಲಿ ಆಗಲೇ ಬೇರು ಬಿಟ್ಟ ಕಡುಗೆಂಪು ಜೆರೇನಿಯಂ, ಜೊತೆಗೆ ಬಾಪ್ತಿಸ್ತೀನಳ ಕೈಬರಹದ ಚೀಟಿ:

‘ಮೇಷ್ಟ್ರಿಗೆ. ಇದನ್ನು ತೆಗೆದುಕೊಂಡು ಹೋಗಿ. ಬೋರ್ಡನ್ನು ದಯವಿಟ್ಟು ಅಲ್ಲೇ ಬಿಡಿ.’