ಮೂರು ತಿಂಗಳು ಹಿಂದಿದ್ದ ಭಾವ

ಮೊನ್ನೆ ಮೊನ್ನೆಯವರೆಗೂ ನಮ್ಮ ಭಾವ ಇವತ್ತಿನ ದಿನದಲ್ಲಿ ಇರಲಿಲ್ಲ! ಸೊರಬದಲ್ಲಿ ಅವರ ಮನೆ ಬಾಗಿಲು ತಟ್ಟಿದರೆ ಅವರೇ ತೆಗೆಯುತ್ತಿದ್ದರು. ಕೂರಿಸುತ್ತಿದ್ದರು. ಕಾಫಿಯನ್ನೂ ಮಾಡಿ ಕೊಡುತ್ತಿದ್ದರು, ಅದನ್ನು ಕುಡಿಯುವ ಧೈರ್ಯ ನಿಮಗಿದ್ದರೆ. ಆದರೆ ನೀವು ಇವತ್ತಿನಲ್ಲಿ, ಅವರು ಮೂರು ತಿಂಗಳು ಹಿಂದೆ.

ಹುಚ್ಚಾ ಅಂದಿರಾ? ಅಯ್ಯೋ, ಹುಚ್ಚಾಗಿದ್ದರೆ ಔಷಧಿ ಕೊಡಿಸಬಹುದಿತ್ತು. ಇದು ಶಿಸ್ತು ಕಣ್ರೀ, ಶಿಸ್ತು! ಪೋಸ್ಟ್ ಮಾಸ್ಟರ್ ಆಗಿದ್ದವರು. ಬಂದದ್ದು ಬಂದ ಕ್ರಮದಲ್ಲೇ ಬಟವಾಡೆ ಆಗಬೇಕು ಅನ್ನೋದು ರಿಟೈರ್ ಆದ ಮೇಲೂ ಅವರನ್ನು ಬಿಟ್ಟಿಲ್ಲ. ದಿನಪತ್ರಿಕೆಗೂ ಅದೇ ಕಾಯಿದೆ. ನಿನ್ನೆಯದು ಮುಗಿಯದೆ ಇವತ್ತಿನದನ್ನು ಮುಟ್ಟುವ ಹಾಗಿಲ್ಲ. ಮೊದಲ ಪುಟದಿಂದ ಕೊನೆಯ ಟೆಂಡರ್ ಜಾಹೀರಾತಿನ ತನಕ ಒಂದಕ್ಷರ ಬಿಡುವ ಹಾಗಿಲ್ಲ. ದಿನಕ್ಕೆ ಒಂದೇ ಪೇಪರು.

ಎಲ್ಲ ಸರಿಯಾಗಿಯೇ ನಡೆದಿತ್ತು. ಆಮೇಲೆ ನನ್ನ ಅಕ್ಕ ಕಾಯಿಲೆ ಬಿದ್ದು ಶಿವಮೊಗ್ಗದಲ್ಲಿ ಆಸ್ಪತ್ರೆ ಸೇರಿದಳು. ಎರಡೂವರೆ ತಿಂಗಳು ಭಾವ ಅವಳ ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. ಮನೆಗೆ ಬರುತ್ತಿದ್ದ ಪೇಪರನ್ನು ಪಕ್ಕದ ಮನೆ ಸುಶೀಲಮ್ಮ ದಿನಾ ತೆಗೆದು ಜೋಡಿಸಿಟ್ಟರು. ಅಕ್ಕ ಉಳಿಯಲಿಲ್ಲ. ಹದಿಮೂರನೇ ದಿನದ ಊಟ ಮುಗಿದ ಮಾರನೇ ಬೆಳಗ್ಗೆ ಭಾವ ಆ ಕಟ್ಟಿನ ಅಡಿಯಿಂದ ಮೊದಲನೇ ಪೇಪರ್ ಎಳೆದುಕೊಂಡು ಕೂತರು. ಅಲ್ಲಿಂದ ಶುರು. ಅಡಿಯಿಂದ ದಿನಕ್ಕೊಂದು ಹೋಗುತ್ತೆ, ಮೇಲೆ ಹೊಸದೊಂದು ಬಂದು ಕೂರುತ್ತೆ. ಕಟ್ಟು ಮಾತ್ರ ಇದ್ದಷ್ಟೇ ಎತ್ತರ!

ನನ್ನ ಸಂಕಟ ಇನ್ನೂ ಬೇರೆ. ಆ ಕಟ್ಟಿನ ನಡುವೆ ಒಂದು ಪೇಪರಿನ ಒಂಬತ್ತನೇ ಪುಟದಲ್ಲಿ ಅಕ್ಕನ ಫೋಟೋ ಇತ್ತು, ಕೆಳಗೆ ಶ್ರದ್ಧಾಂಜಲಿ. ಹಾಕಿಸಿದವಳು ನಾನೇ. ಭಾವ ಅದನ್ನು ನೋಡಿರಲಿಲ್ಲ. ಅಕ್ಕ ಹೋದ ಮೇಲೆ ಅವರು ಒಂದು ಹನಿ ಕಣ್ಣೀರು ಹಾಕಿರಲಿಲ್ಲ, ಅವಳ ಹೆಸರೂ ಎತ್ತಿರಲಿಲ್ಲ. ಓದುತ್ತಾ ಓದುತ್ತಾ ಆ ಪುಟಕ್ಕೆ ಬಂದ ದಿನ ಅವರ ಗತಿ ಏನು? ಮೊದಲೇ ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ! ನಾನು ಶಿಕಾರಿಪುರದ ನನ್ನ ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಾ ದಿನ ಎಣಿಸುತ್ತಿದ್ದೆ.

ಇವರೋ, ಆರಾಮಾಗಿ ಹಳೇ ಲೋಕದಲ್ಲಿ ಓಡಾಡಿಕೊಂಡಿದ್ದರು. ಚಂದ್ರಗುತ್ತಿಯಲ್ಲಿ ಉಚಿತ ಕಣ್ಣಿನ ತಪಾಸಣೆ ಅಂತ ಓದಿ ಬೆಳಗ್ಗೆನೇ ಬಸ್ ಹತ್ತಿದರು. ಅಲ್ಲಿ ಹೋಗಿ ನೋಡಿದರೆ ತಪಾಸಣೆ ಮುಗಿದು, ಕನ್ನಡಕ ಹಂಚಿ, ಹಂಚಿದ ಕನ್ನಡಕದಲ್ಲಿ ಅರ್ಧ ಒಡೆದೂ ಹೋಗಿತ್ತು!

ಇನ್ನೊಂದು ದಿನ ಸುಡುಸುಡು ಬಿಸಿಲಲ್ಲಿ ಬಗಲಿಗೆ ಛತ್ರಿ ಸಿಕ್ಕಿಸಿಕೊಂಡು ಸಂತೆಗೆ ಹೊರಟರಂತೆ. ಸುಶೀಲಮ್ಮ ತಡೆಯಲಾರದೆ, "ಇದೆಂತ ಛತ್ರಿ?" ಅಂದಿದ್ದಾರೆ.

"ಭಾರಿ ಮಳೆ ಅಂತ ಬಂದಿದೆ."

"ಅದು ಮೂರು ತಿಂಗಳ ಹಿಂದಿನ ಮಾತಲ್ರೀ!"

"ಮಳೆ ಯಾವತ್ತು ಹೇಳಿದ ದಿನ ಬಂದಿದೆ ಮಾರಾಯ್ತಿ? ತಡವಾಗಿ ಆದ್ರೂ ಬರ್ಬೇಕಲ್ಲ."

ಸಂಜೆ ಮಳೆ ಹೊಡೆಯಿತು ಕಣ್ರೀ! ಇಡೀ ಸಂತೆಯಲ್ಲಿ ಒಣಗಿದ್ದ ತಲೆ ನಮ್ಮ ಭಾವನದೊಂದೇ. ಅವತ್ತಿಂದ ಅವರನ್ನು ಹಿಡಿಯುವವರೇ ಇಲ್ಲ.

ಕ್ರಿಕೆಟ್ ಫೈನಲ್ ಯಾರು ಗೆದ್ದರು ಅಂತ ಇಡೀ ದೇಶಕ್ಕೆ ಗೊತ್ತು, ಇವರಿಗೆ ಗೊತ್ತಾಗಬಾರದು. ಕಟಿಂಗ್ ಶಾಪಿನಲ್ಲಿ ಟಿವಿ ಇರುತ್ತೆ ಅಂತ ತಲೆಕೂದಲನ್ನೇ ಬಿಟ್ಟುಬಿಟ್ಟರು. ಯಾರಾದರೂ "ಮ್ಯಾಚು..." ಅಂದರೆ ಸಾಕು, ಎರಡೂ ಕಿವಿಗೆ ಬೆರಳಿಟ್ಟುಕೊಂಡು "ಹೇಳ್ಬೇಡ್ರೀ, ಹೇಳ್ಬೇಡ್ರೀ" ಅಂತ ಓಟ. ಒಂದು ಮಧ್ಯಾಹ್ನ ನನಗೇ ಫೋನ್ ಮಾಡಿ, "ಕೇಳಿದ್ಯೇನೇ? ನಿಂಗೆ ಇಷ್ಟ ಅಲ್ವಾ, ಆ ಸೀರಿಯಲ್ ಹುಡುಗಿ, ಅವಳಿಗೆ ಮದುವೆಯಂತೆ!" ಅಂದರು. ಅಷ್ಟು ಹೊತ್ತಿಗೆ ಆ ಪುಣ್ಯಾತ್ಗಿತ್ತಿ ಮದುವೆಯಾಗಿ, ಜಗಳವಾಡಿ, ಗಂಡನನ್ನು ಬಿಟ್ಟು ತವರಿಗೆ ಬಂದಾಗಿತ್ತು. ನಾನು ಹಲ್ಲು ಕಚ್ಚಿಕೊಂಡು "ಹೌದಾ ಭಾವ, ಒಳ್ಳೇದಾಯ್ತು" ಅಂದೆ.

ನಮ್ಮ ಯಜಮಾನರು ಒಮ್ಮೆ ಬುದ್ಧಿ ಹೇಳಲು ಹೋದರು. "ದಿನಕ್ಕೆ ಎರಡು ಓದಿಬಿಡಿ ಭಾವ, ಮೂರೇ ತಿಂಗಳಲ್ಲಿ ನಮ್ಮ ಜೊತೆ ಬಂದುಬಿಡ್ತೀರಿ."

"ನಿನ್ನೆ ಉಪವಾಸ ಇದ್ದೆ ಅಂತ ಇವತ್ತು ಎರಡರಷ್ಟು ಉಣ್ತೀರಾ? ಹೊಟ್ಟೆ ಏನಾಗ್ಬೇಡ?"

ಯಜಮಾನರು ಹೋದ ಬಸ್ಸಿಗೇ ವಾಪಸ್ ಬಂದರು. ನಿಜ ಹೇಳಲಾ? ನನಗೂ ಒಂದೊಂದು ಸಲ ಅವರೇ ಸರಿ ಅನ್ನಿಸುತ್ತಿತ್ತು. ಅವತ್ತಿನ ಪೇಪರಿಗೂ ಇವತ್ತಿನ ಪೇಪರಿಗೂ ಏನ್ರೀ ವ್ಯತ್ಯಾಸ? ಅದೇ ರಸ್ತೆಗುಂಡಿ, ಅದೇ ಭರವಸೆ, ಅದೇ ಬೈದಾಟ. ತಾಜಾ ಸುದ್ದಿ ಓದಿ ನಾವು ಉದ್ಧಾರವಾದದ್ದು ಅಷ್ಟರಲ್ಲೇ ಇದೆ. ಒಳ್ಳೆಯ ಸುದ್ದಿ ಅಂತ ಒಂದು ಬಂದದ್ದು ನನಗಂತೂ ನೆನಪಿಲ್ಲ. ಈ ಊರು, ಈ ದೇಶ, ಈ ಭಾವ, ಯಾವುದೂ ಸರಿಹೋಗೋದಿಲ್ಲ ಅಂತ ಮೆಷಿನ್ ತುಳಿಯುತ್ತಾ ಕೂರುತ್ತಿದ್ದೆ.

ಆದರೆ ದಿನ ಹತ್ತಿರ ಬರುತ್ತಿತ್ತು. ಅಕ್ಕನ ಫೋಟೋ ಇದ್ದ ಪೇಪರಿಗೆ ಇನ್ನು ಹತ್ತೇ ಪೇಪರ್ ಉಳಿದಾಗ ತಡೆಯಲಾಗಲಿಲ್ಲ. ಭಾನುವಾರ ಕಡುಬು ಕಟ್ಟಿಕೊಂಡು ಸೊರಬಕ್ಕೆ ಹೋದೆ. ಭಾವ ಸ್ನಾನಕ್ಕೆ ಹೋದದ್ದೇ ತಡ, ಕಟ್ಟಿನಿಂದ ಆ ಒಂದು ಪೇಪರ್ ಎಳೆದು ಬ್ಯಾಗಿಗೆ ತುರುಕಿದೆ. ಬಸ್ಸು ಶಿರಾಳಕೊಪ್ಪ ದಾಟುವ ತನಕ ಬ್ಯಾಗನ್ನು ತೊಡೆ ಮೇಲಿಂದ ಇಳಿಸಲಿಲ್ಲ.

ಮುಂದಿನ ವಾರ ಬುಧವಾರ ಬೆಳಗ್ಗೆ ಅಂಗಡಿ ತೆಗೆಯಲು ಹೋದರೆ ಭಾವ ಮೆಟ್ಟಿಲ ಮೇಲೆ ಕೂತಿದ್ದಾರೆ! ಮೊದಲನೇ ಬಸ್ಸಿಗೇ ಬಂದಿದ್ದಾರೆ.

"ಒಂದು ದಿನದ ಪೇಪರ್ ಇಲ್ಲ ಕಣೇ."

"ನಂಗೇನು ಗೊತ್ತು ಭಾವ?"

"ಕಡುಬು ತಂದವಳು ನೀನೊಬ್ಬಳೇ."

ಸಿಕ್ಕಿಬಿದ್ದೆ. "ಬ್ಲೌಸ್ ಅಳತೆಗೆ ಕತ್ತರಿಸಿಬಿಟ್ಟೆ ಭಾವ, ತಪ್ಪಾಯ್ತು" ಅಂದೆ.

"ಪರವಾಗಿಲ್ಲ. ತುಂಡು ಕೊಡು. ಬೆನ್ನು, ತೋಳು, ಎಲ್ಲ ತಾ. ಜೋಡಿಸ್ಕೊಂಡು ಓದ್ತೀನಿ."

ಈ ಮನುಷ್ಯನ ಜೊತೆ ಏಗೋದು ಹೇಗೆ ಹೇಳಿ! ಅವರ ಕೈ ಹಿಡಿದುಕೊಂಡು, "ಅದೊಂದು ಬೇಡ ಭಾವ. ನಿಮ್ಮ ದಮ್ಮಯ್ಯ" ಅಂದೆ.

"ಅದರಲ್ಲಿ ಎಂತ ಇದೆ ಅಂತ ನಂಗೆ ಗೊತ್ತಿಲ್ವೇನೇ? ಅವಳ ಚಿತೆಗೆ ಬೆಂಕಿ ಇಟ್ಟವನು ನಾನು. ಕೊಡು."

ಮೆಷಿನ್ನಿನ ಡ್ರಾಯರಿನಿಂದ ತೆಗೆದು ಕೊಟ್ಟೆ. ಪುಣ್ಯಾತ್ಮ, ಆಗಲೂ ಮೊದಲ ಪುಟದಿಂದಲೇ ಶುರು ಮಾಡಿದರು! ರಾಜಕೀಯ ಓದಿದರು. ಅಡಿಕೆ ಧಾರಣೆ ಓದಿದರು. ಒಂದೊಂದು ಪುಟ ಮಗುಚಿದಾಗಲೂ ನನಗೆ ಸೂಜಿಗೆ ದಾರ ಹಾಕಲು ಆಗಲಿಲ್ಲ. ಒಂಬತ್ತನೇ ಪುಟ ಬಂತು. ಫೋಟೋ ನೋಡಿದರು, ಕೆಳಗಿನ ಸಾಲು ಓದಿದರು. ಆಮೇಲೆ ಇದ್ದಕ್ಕಿದ್ದ ಹಾಗೆ ನಕ್ಕರು.

"ಅರವತ್ತೆರಡು ವರ್ಷ ಅಂತ ಹಾಕ್ಸಿದ್ಯಲ್ಲೇ! ಅವಳಿಗೆ ಅರವತ್ತು. ಇದ್ದಿದ್ರೆ ನಿನ್ನ ಜುಟ್ಟು ಹಿಡೀತಿದ್ಲು."

"ಗಡಿಬಿಡೀಲಿ ತಪ್ಪಿಹೋಯ್ತು ಭಾವ."

ಮತ್ತೆ ನಕ್ಕರು. ಆಮೇಲೆ ಅತ್ತರು. ಅಂಗಡಿ ಬಾಗಿಲು ತೆರೆದೇ ಇತ್ತು, ಬ್ಲೌಸ್ ಕೇಳಲು ಬಂದವರೊಬ್ಬರು ನೋಡಿ ಸುಮ್ಮನೆ ವಾಪಸ್ ಹೋದರು. ನಾನೂ ಅವರ ಪಕ್ಕ ನೆಲದ ಮೇಲೆ ಕೂತು ಮನಸಾರೆ ಅತ್ತೆ.

ಚಹಾ ತರಿಸಿ ಕೊಟ್ಟೆ. ಕುಡಿದು, ಪೇಪರನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಎದ್ದರು.

"ಮನೇಲಿ ಇರೋ ಬಾಕಿ ಪೇಪರೆಲ್ಲ ನೀನೇ ತಗೊಂಡು ಹೋಗೇ. ನಿನ್ನ ಅಳತೆಗೆ ಆಗತ್ತೆ."

"ಯಾಕೆ ಭಾವ? ಓದಲ್ವಾ?"

"ಇಷ್ಟು ದಿನ ಓದಿದ್ರಲ್ಲೆಲ್ಲ ಅವಳು ಇದ್ಲು ಕಣೇ. ಈ ಸುದ್ದಿ ಬಂದ ದಿನ ಎರಡು ಲೋಟ ಗಂಜಿ ಕುಡಿದ್ಲು, ಈ ಮ್ಯಾಚಿನ ದಿನ ನಂಗೆ ಬೈದ್ಲು ಅಂತ ನೆನೆಸ್ಕೊಂಡು ಓದ್ತಿದ್ದೆ. ಇನ್ನು ಮುಂದಿನದ್ರಲ್ಲಿ ಓದೋಕೆ ಎಂತ ಇದೆ?"